ಲಿಫ್ಟ್ ಮಾಮ ಫೋನ್ ಎತ್ತಲಿಲ್ಲ

ಲಿಫ್ಟ್ ಮಾಮನ ಎದೆಯಲ್ಲಿ ನೀರು ಏರುತ್ತಿರುವುದನ್ನು ಮೊದಲು ಕಂಡವನು ಮೈದುನ. ಬೆಳಿಗ್ಗೆ ಕಚೇರಿಯ ಬೀಗ ತೆಗೆದು, ಕಿಟಕಿಗಳನ್ನು ತೆರೆದು, ಕಂಪ್ಯೂಟರ್ ಮುಂದೆ ಕೂತವನು ಕೂತಷ್ಟೇ ಬೇಗ ಎದ್ದು ನಿಂತ. ಪುಟ್ಟಿ ಇನ್ನೂ ಮೆಟ್ಟಿಲು ಹತ್ತುತ್ತಿದ್ದಳು. "ಅತ್ತಿಗೆ, ಸ್ವಲ್ಪ ಬೇಗ ಬನ್ನಿ," ಎಂದು ಅವನು ಮೇಲಿನಿಂದ ಕರೆದ ದನಿ ಕೇಳಿಯೇ ಅವಳು ಎರಡೆರಡು ಮೆಟ್ಟಿಲು ಹಾರಿ ಹತ್ತಿದಳು. ಅವನು ಬೆಂಕಿ ಬಿದ್ದರೂ ಪಿಸುಮಾತಿನಲ್ಲೇ ಹೇಳುವ ಪೈಕಿ.

ಪುಟ್ಟಿ ಎಂದರೆ ಚಿಕ್ಕ ಹುಡುಗಿಯೇನಲ್ಲ. ನಲವತ್ತು ದಾಟಿದ, ಕಿವಿಯ ಪಕ್ಕ ಬಿಳಿ ಕೂದಲು ಇಣುಕುತ್ತಿದ್ದ ಎಂಜಿನಿಯರ್. ಒಂದು ಕಂಪನಿಯ ಒಡತಿ ಬೇರೆ. ಆದರೆ ಕಂಪನಿಯಲ್ಲಿದ್ದವರು ಮೂರೇ ಜನ. ಅವಳು, ಲೆಕ್ಕಾಚಾರದ ಪ್ರೋಗ್ರಾಂ ಬರೆಯುವ ಗಂಡನ ತಮ್ಮ, ಮತ್ತು ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದು ನಿವೃತ್ತಳಾದ ಅವಳ ಚಿಕ್ಕಮ್ಮ. ಸೊಂಟದ ಮೇಲೆ ಎತ್ತಿ ಆಡಿಸಿದವಳನ್ನು ಮೇಡಂ ಎನ್ನಲು ಚಿಕ್ಕಮ್ಮನ ನಾಲಿಗೆ ಹೊರಳಲಿಲ್ಲ. ಬಂದವರ ಎದುರಿಗೂ ಪುಟ್ಟಿ ಪುಟ್ಟಿ ಎಂದೇ ಕರೆದು, ಕೊನೆಗೆ ಕೆಳಗಿನ ಟೈರ್ ಅಂಗಡಿಯವನೂ ಪುಟ್ಟಿ ಮೇಡಂ ಎನ್ನುವಂತೆ ಮಾಡಿದ್ದಳು.

ಅವರು ಮಾಡುತ್ತಿದ್ದದ್ದು ಒಂದು ಎದೆಪಟ್ಟಿ. ಗಾಯಕ್ಕೆ ಅಂಟಿಸುವ ಪಟ್ಟಿಯಂತೆಯೇ ಇತ್ತು, ಅದಕ್ಕಿಂತ ಅಗಲ, ನಡುವೆ ನಾಣ್ಯದಷ್ಟು ದಪ್ಪ. ಹೃದಯ ಸೋತವರಿಗೆ ಶ್ವಾಸಕೋಶದಲ್ಲಿ ನೀರು ನಿಲ್ಲುತ್ತದೆ. ಉಸಿರು ಸಿಕ್ಕಿಕೊಂಡು ಆಸ್ಪತ್ರೆಗೆ ಓಡುವ ಹೊತ್ತಿಗೆ ಕೆಲವರಿಗೆ ತಡವಾಗಿರುತ್ತದೆ. ಆ ನೀರು ಏರತೊಡಗಿದಾಗಲೇ, ರೋಗಿಗೆ ತಿಳಿಯುವ ಮೊದಲೇ, ಪಟ್ಟಿ ಅದನ್ನು ಕಂಡುಹಿಡಿದು ಫೋನಿನ ಮೂಲಕ ಕಚೇರಿಗೆ ಮುಟ್ಟಿಸಬೇಕು. ಇಂಥ ಕನಸಿಗೆ ಬ್ಯಾಂಕು ಸಾಲ ಕೊಡುವುದಿಲ್ಲ. ದೊಡ್ಡ ಕಂಪನಿಗಳು ಗೆದ್ದವರ ಮನೆ ಬಾಗಿಲಿಗೆ ಮಾತ್ರ ಬರುತ್ತವೆ. ಸಣ್ಣ ಉದ್ದಿಮೆಗಳು ಹೊಸ ಚಿಕಿತ್ಸೆ, ಹೊಸ ಸಲಕರಣೆ ಹುಡುಕಲಿ ಎಂದು ಸರ್ಕಾರ ಕೊಡುವ ಅನುದಾನವೊಂದಿತ್ತು. ಅದೇ ಅವರನ್ನು ಕೈ ಹಿಡಿದು ನಡೆಸುತ್ತಿತ್ತು. ಮೊದಲ ಹಂತದಲ್ಲಿ ಪಟ್ಟಿ ಕೆಲಸ ಮಾಡುತ್ತದೆಂದು ಪ್ರಯೋಗಾಲಯದಲ್ಲಿ ತೋರಿಸಿದ್ದರು. ಈಗ ಎರಡನೆಯ ಹಂತ. ಹೃದಯದ ಡಾಕ್ಟರರೊಬ್ಬರ ಉಸ್ತುವಾರಿಯಲ್ಲಿ, ಒಪ್ಪಿಗೆ ಕೊಟ್ಟ ರೋಗಿಗಳು ಮನೆಯಲ್ಲೇ ಪಟ್ಟಿ ಅಂಟಿಸಿಕೊಂಡು ಓಡಾಡುತ್ತಿದ್ದರು.

ರೋಗಿಗಳ ಹೆಸರನ್ನು ಕಚೇರಿಯಲ್ಲಿ ಎತ್ತುವಂತಿರಲಿಲ್ಲ. ಅದು ಸಂಶೋಧನೆಯ ನಿಯಮ. ಪ್ರತಿಯೊಬ್ಬರಿಗೂ ಒಂದು ಸಂಖ್ಯೆ. ಚಿಕ್ಕಮ್ಮನಿಗೆ ಮುಖ ನೆನಪಿರುತ್ತಿತ್ತು, ಸಂಖ್ಯೆ ನೆನಪಿರುತ್ತಿರಲಿಲ್ಲ. ಹಾಗಾಗಿ ಅವಳೇ ಎಲ್ಲರಿಗೂ ಒಂದೊಂದು ಅಡ್ಡಹೆಸರು ಕಟ್ಟಿದಳು. ಕೆಮ್ಮಿನಜ್ಜಿ, ಮೀಸೆ ಮೇಷ್ಟ್ರು, ಗೊಣಗಪ್ಪ. ಲಿಫ್ಟ್ ಮಾಮ ಜೀವಮಾನವೆಲ್ಲ ಲಿಫ್ಟ್ ರಿಪೇರಿ ಮಾಡಿದವರು. ಇದ್ದದ್ದು ಮಾತ್ರ ಲಿಫ್ಟೇ ಇಲ್ಲದ ಹಳೆಯ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ. ಅದನ್ನು ಯಾರಾದರೂ ಕೇಳುವ ಮೊದಲೇ ತಾವೇ ಹೇಳಿ ನಗುತ್ತಿದ್ದರು. ಅವರ ಹೆಂಡತಿಗೆ ಚಿಕ್ಕಮ್ಮ ಸಹಜವಾಗಿ ಲಿಫ್ಟ್ ಅತ್ತೆ ಎಂದು ಹೆಸರಿಟ್ಟಿದ್ದಳು. ಮಾಮನ ಹೆಂಡತಿ ಅತ್ತೆಯಲ್ಲದೆ ಇನ್ನೇನು?

ಪುಟ್ಟಿ ಬಂದು ಪರದೆ ನೋಡಿದಳು. ಮಾಮನ ಎದೆಯ ನೀರು ತೋರಿಸುವ ಗೆರೆ ವಾರಗಟ್ಟಲೆ ನೆಲಕ್ಕೆ ಅಂಟಿಕೊಂಡು ಸುಮ್ಮನಿದ್ದದ್ದು, ಮೊನ್ನೆಯಿಂದ ಒಮ್ಮೆಗೇ ಮೇಲಕ್ಕೆ ಹಾರಿ, ಅಲ್ಲಿಂದಲೂ ಏರುತ್ತಲೇ ಇತ್ತು. ಯಾವ ರೋಗಿಯಲ್ಲೂ ಅಷ್ಟು ಎತ್ತರ ಅವರು ಕಂಡಿರಲಿಲ್ಲ.

"ಇನ್ನೊಂದು ವಿಚಿತ್ರ ಇದೆ," ಎಂದ ಮೈದುನ. "ಮಾಮನ ನಾಡಿ ಯಾವಾಗ್ಲೂ ಕುಂಟ್ತಾ ಇರ್ತಿತ್ತು. ಈಗ ನೋಡಿ, ವೇಗ ಜಾಸ್ತಿ, ಆದ್ರೆ ಒಂದು ಬಡಿತಾನೂ ತಪ್ಪಿಲ್ಲ. ಎದೆಯೇ ಬದಲಾದ ಹಾಗಿದೆ."

ಪಟ್ಟಿ ಕೆಟ್ಟಿರಬಹುದು ಎಂದು ಪುಟ್ಟಿಗೆ ಅನ್ನಿಸಿತು. ಕೆಟ್ಟಿರದಿದ್ದರೆ? ಅವಳ ಹಿಂದೆಯೇ ಬಂದ ಚಿಕ್ಕಮ್ಮ ಆಗಲೇ ಮಾಮನ ಮನೆಗೆ ಫೋನ್ ಹಚ್ಚಿದ್ದಳು. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದಳು. ಮೊದಲನೆಯ ರಿಂಗಿಗೇ ಎತ್ತಿ ಹವಾಮಾನದಿಂದ ಹಿಡಿದು ಮೊಣಕಾಲಿನವರೆಗೆ ಎಲ್ಲವನ್ನೂ ಮಾತಾಡುವ ಮನುಷ್ಯ ಅವರು. ಮೂರನೆಯ ಸಲವೂ ಎತ್ತದಿದ್ದಾಗ ಚಿಕ್ಕಮ್ಮ ಫೋನ್ ಕೆಳಗಿಟ್ಟು ಪುಟ್ಟಿಯ ಮುಖ ನೋಡಿದಳು. ಆ ನೋಟ ಕಂಡದ್ದೇ ಪುಟ್ಟಿ ಕಾರಿನ ಕೀಲಿ ಕೈಗೆತ್ತಿಕೊಂಡಳು.

ಹೃದಯದ ಡಾಕ್ಟರರಿಗೆ ವಿಷಯ ಮುಟ್ಟಿಸಿದರು. ಅವರು ಗೆರೆ ನೋಡಿದ್ದೇ, ಆಂಬುಲೆನ್ಸ್ ಕಳಿಸುತ್ತೇನೆ, ನಿಮ್ಮಲ್ಲಿ ಯಾರು ಹತ್ತಿರವಿದ್ದೀರೋ ಅವರು ಮೊದಲು ಹೋಗಿ ಎಂದರು. ಮೈದುನನನ್ನು ಫೋನಿನ ಮುಂದೆ ಕೂರಿಸಿ ಪುಟ್ಟಿ ಮತ್ತು ಚಿಕ್ಕಮ್ಮ ಕಾರು ಹತ್ತಿದರು.

ಬೆಳಗಿನ ವಾಹನಗಳ ಸಾಲು ಇರುವೆಯಂತೆ ತೆವಳುತ್ತಿತ್ತು. ಪುಟ್ಟಿ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದು ಮುಂದಿನ ಕಾರಿನ ಕೆಂಪು ದೀಪವನ್ನೇ ನೋಡುತ್ತಿದ್ದಳು. ಗೆರೆ ಹಾರಿದ್ದು ಮೊನ್ನೆ. ಮೊನ್ನೆ ಮತ್ತು ನಿನ್ನೆ ಕಚೇರಿಗೆ ರಜೆ. ಎಚ್ಚರಿಕೆಯ ಸಂದೇಶ ಮೈದುನನ ಫೋನಿಗೂ ತನ್ನ ಫೋನಿಗೂ ಬರಬೇಕಿತ್ತು, ಯಾಕೆ ಬರಲಿಲ್ಲ? ಮಾಮ ನೆಲದ ಮೇಲೆ ಬಿದ್ದಿರುವ ಚಿತ್ರ ಕಣ್ಣ ಮುಂದೆ ಬಂತು. ಅದರ ಬೆನ್ನಿಗೇ, ಅನುದಾನ ಹೋಯಿತು, ಎಲ್ಲ ಮುಗಿಯಿತು ಎಂಬ ಯೋಚನೆಯೂ ಬಂತು. ಒಂದು ಜೀವದ ಪಕ್ಕದಲ್ಲಿ ಇಂಥ ಯೋಚನೆಗೆ ತಲೆಯಲ್ಲಿ ಜಾಗ ಕೊಟ್ಟೆನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಚಿಕ್ಕಮ್ಮ ಪಕ್ಕದಲ್ಲಿ ಕೂತು, ಆಗುವ ಮೊದಲೇ ಆಯ್ತು ಅಂದುಕೊಳ್ಳಬೇಡ, ರಸ್ತೆ ನೋಡು ಎಂದಷ್ಟೇ ಅಂದಳು.

ನಾಲ್ಕು ಮಹಡಿಯನ್ನು ಪುಟ್ಟಿ ಒಂದೇ ಉಸಿರಿಗೆ ಹತ್ತಿದಳು. ಚಿಕ್ಕಮ್ಮನ ಏದುಸಿರು ಒಂದು ಮಹಡಿ ಕೆಳಗೆ ಕೇಳುತ್ತಿತ್ತು. ಕರೆಗಂಟೆ ಒತ್ತಲು ಕೈಯೆತ್ತಿದಳೋ ಇಲ್ಲವೋ, ಬಾಗಿಲು ತಾನಾಗಿ ತೆರೆಯಿತು. ಲಿಫ್ಟ್ ಮಾಮ ಒಗೆದ ಅಂಗಿ ತೊಟ್ಟು, ಗಡ್ಡ ಬೋಳಿಸಿಕೊಂಡು, ಕಾಲಿಗೆ ಚಪ್ಪಲಿ ಮೆಟ್ಟಿ, ಎಲ್ಲಿಗೋ ಹೊರಟವರ ಹಾಗೆ ನಿಂತಿದ್ದರು.

ಪುಟ್ಟಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಗೋಡೆಗೆ ಆತುಕೊಂಡು ನಿಂತಳು. ಹೋದ ಜೀವ ಬಂದಂತಾಯಿತು, ಅದರ ಹಿಂದೆಯೇ ಈ ಮನುಷ್ಯನ ಭುಜ ಹಿಡಿದು ಅಲುಗಾಡಿಸಬೇಕೆನ್ನುವಷ್ಟು ಕೋಪವೂ ಬಂತು.

"ಚೆನ್ನಾಗಿದ್ದೀರಾ ಮಾಮ?" ಎಂದಳು ಕಡೆಗೆ.

"ನಾನು ಚೆನ್ನಾಗೇ ಇದ್ದೀನಿ. ಬೆಳಗ್ಗೆಯಿಂದ ನಿಮ್ಮ ದಾರಿನೇ ಕಾಯ್ತಾ ಇದ್ದೆ."

"ಫೋನ್ ಯಾಕೆ ಎತ್ತಲಿಲ್ಲ?"

ಮಾಮ ಒಳಗಿನ ಕೋಣೆಯ ಕಡೆ ಒಮ್ಮೆ ತಿರುಗಿ ನೋಡಿ, ದನಿ ತಗ್ಗಿಸಿದರು. "ಎತ್ತಿದ್ರೆ ಚೆನ್ನಾಗಿದ್ದೀನಿ ಅಂತ ಹೇಳಬೇಕಾಗ್ತಿತ್ತು. ಚೆನ್ನಾಗಿದ್ದೀನಿ ಅಂದಿದ್ರೆ ನೀವು ಬರ್ತಿದ್ರಾ?"

ಚಿಕ್ಕಮ್ಮ ಅಷ್ಟರಲ್ಲಿ ಮೇಲೆ ತಲುಪಿದ್ದಳು. ಒಗಟು ಬಿಡಿಸುತ್ತ ನಿಲ್ಲುವ ಹೆಂಗಸಲ್ಲ ಅವಳು. ಮಾಮನ ಅಂಗಿಯ ಮೇಲಿನ ಗುಂಡಿ ಬಿಚ್ಚಿ ಎದೆ ನೋಡಿದಳು. ಪಟ್ಟಿ ಇದ್ದ ಜಾಗದಲ್ಲಿ ಬಿಳಿಚಿದ ಚೌಕವೊಂದಿತ್ತು, ಪಟ್ಟಿ ಇರಲಿಲ್ಲ. ಅವಳು ನೇರ ಒಳಗಿನ ಕೋಣೆಗೆ ನಡೆದಳು.

ಅಲ್ಲಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅತ್ತೆ ಬೆನ್ನಿಗೆ ಎರಡು ದಿಂಬು ಕೊಟ್ಟುಕೊಂಡು ನೆಟ್ಟಗೆ ಕೂತಿದ್ದರು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಮಾತಿನ ನಡುವೆ ಎರಡೆರಡು ಸಲ ಉಸಿರು ಎಳೆದುಕೊಳ್ಳುತ್ತಿದ್ದರು. ಆದರೂ ಬಂದವರನ್ನು ನೋಡಿ ಮೊದಲು ಕೇಳಿದ್ದು, ಇವರಿಗೇನಾದರೂ ಆಗಿದೆಯಾ ಎಂದು, ಗಂಡನ ಕಡೆ ಬೆರಳು ತೋರಿಸಿ.

ಸಂಗತಿ ಮಾಮನ ಬಾಯಿಂದ ಒಂದೊಂದಾಗಿ ಹೊರಬಂತು. ಮೂರು ವಾರಗಳಿಂದ ಅತ್ತೆ ಮಲಗಿದರೆ ಉಸಿರು ಕಟ್ಟುತ್ತದೆಂದು ಕುರ್ಚಿಯಲ್ಲೇ ರಾತ್ರಿ ಕಳೆಯುತ್ತಿದ್ದರು. ಕೇಳಿದರೆ ಗ್ಯಾಸ್ ಅನ್ನುವುದು, ಒತ್ತಾಯಿಸಿದರೆ ಬೆನ್ನು ನೋವು ಅನ್ನುವುದು. ಡಾಕ್ಟರ ಹೆಸರೆತ್ತಿದರೆ ಮುಗಿಯಿತು, ಒಂದು ಮನೆಗೆ ಒಬ್ಬ ರೋಗಿ ಸಾಕು, ನಾನೂ ಮಲಗಿದರೆ ನಿಮ್ಮನ್ನು ನೋಡುವವರು ಯಾರು ಎಂದು ಬಾಯಿ ಮುಚ್ಚಿಸುತ್ತಿದ್ದರು. ಗಂಡನ ಮಾತ್ರೆ, ಗಂಡನ ಉಪ್ಪಿಲ್ಲದ ಊಟ, ಗಂಡನ ತೂಕ, ಇವೆಲ್ಲ ಅವರಿಗೆ ಕಂಠಪಾಠ. ತಮ್ಮ ಕಾಲು ಕಂಬದಂತೆ ಊದಿಕೊಂಡದ್ದು ಮಾತ್ರ ಕಣ್ಣಿಗೆ ಬಿದ್ದಿರಲಿಲ್ಲ. ಮಾಮನಿಗೆ ಬೇರೆ ದಾರಿ ತೋಚಲಿಲ್ಲ. ಭುಜ ಸೆಳೆಯುತ್ತದೆ ಎಂದು ಮೊನ್ನೆ ಅತ್ತೆ ಅಂದಾಗ, ಇದು ನೋವಿನ ಪಟ್ಟಿ, ಹೊಸದು, ನನ್ನ ಪಟ್ಟಿ ಕೊಟ್ಟವರೇ ಕೊಟ್ಟಿದ್ದಾರೆ ಎಂದು ಹೇಳಿ, ಅವರಿಗೆ ಕಾಣದಂತೆ ತಮ್ಮ ಎದೆಪಟ್ಟಿ ಕಿತ್ತು ಅದರ ಯಂತ್ರವನ್ನು ಹೊಸ ಅಂಟಿನಲ್ಲಿ ಕೂರಿಸಿ ಅತ್ತೆಯ ಎದೆಯ ಮೇಲ್ಭಾಗಕ್ಕೆ ಅಂಟಿಸಿಬಿಟ್ಟರು.

"ನೀವು ದಿನಾ ನೋಡ್ತೀರಿ ಅಂತ ಹೇಳಿದ್ರಲ್ಲ," ಎಂದರು ಮಾಮ. "ನಾನು ಹೇಳಿದ್ರೆ ಇವಳು ಕೇಳಲ್ಲ. ಇವಳ ಎದೆ ಏನು ಹೇಳತ್ತೋ ಅದನ್ನ ನೀವಾದ್ರೂ ಕೇಳ್ತೀರಿ ಅನ್ನಿಸ್ತು."

ಅತ್ತೆ ಗಂಡನನ್ನು ದುರುಗುಟ್ಟಿ ನೋಡಿದರು. ಬೈಯಲು ಬಾಯಿ ತೆರೆದರೂ ಬೈಯುವಷ್ಟು ಉಸಿರು ಒಳಗಿರಲಿಲ್ಲ. ಚಿಕ್ಕಮ್ಮ ಅವರ ಮುಂದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಊದಿದ ಪಾದವನ್ನು ಬೆರಳಿನಿಂದ ಒತ್ತಿದಳು. ಒತ್ತಿದಲ್ಲಿ ಬಿದ್ದ ಕುಳಿ ತುಂಬಿಕೊಳ್ಳಲಿಲ್ಲ, ಅಲ್ಲೂ ನೀರು ನಿಂತಿತ್ತು.

"ಅಕ್ಕಾ," ಎಂದಳು ಚಿಕ್ಕಮ್ಮ, "ಗಂಡನ್ನ ಬೈಬೇಕು ಅಂದ್ರೂ ಉಸಿರು ಬೇಕಲ್ಲ. ಆಸ್ಪತ್ರೆಗೆ ಹೋಗೋಣ. ಉಸಿರು ತುಂಬಿಸ್ಕೊಂಡು ಬಂದು ಹೊಟ್ಟೆ ತುಂಬಾ ಬೈಯಿರಿ. ನಾನೂ ಜೊತೆಗೆ ಸೇರ್ತೀನಿ."

ಅದು ಹೇಗೆ ತಟ್ಟಿತೋ, ಅತ್ತೆ ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿ, ಮನೆಯ ಬೀಗದ ಕೈ ಎಲ್ಲಿದೆ ಎಂದು ಕೇಳಿದರು. ಒಪ್ಪಿಗೆ ಎಂದರೆ ಅಷ್ಟೇ. ಅಷ್ಟರಲ್ಲಿ ಆಂಬುಲೆನ್ಸಿನವರು ಮೆಟ್ಟಿಲು ಹತ್ತಿ ಬಂದರು. ಮಾಮನೇ ರೋಗಿ ಎಂದು ಅವರ ತೋಳಿಗೆ ಕೈ ಹಾಕಿದರು, ಬಿಡಿಸಿಕೊಂಡು ಮಾಮ ಒಳಗಿನ ಕೋಣೆ ತೋರಿಸಿದರು. ಲಿಫ್ಟ್ ಇಲ್ಲದ ಮಹಡಿಯಿಂದ ಅತ್ತೆಯನ್ನು ಕುರ್ಚಿಯ ಸಮೇತ ಇಳಿಸಿದರು. ಮುಖಕ್ಕೆ ಆಮ್ಲಜನಕದ ಮುಸುಕು ಹಾಕಿದ್ದರೂ ಅತ್ತೆ ಪ್ರತಿ ತಿರುವಿನಲ್ಲಿ ಕೈಯೆತ್ತಿ ಹೊರುವವರಿಗೆ ದಾರಿ ತೋರಿಸುತ್ತಿದ್ದರು. ಮಾಮ ಹಿಂದಿನಿಂದ ದಿಂಬು ಹಿಡಿದುಕೊಂಡು ಇಳಿದರು.

ಮಧ್ಯಾಹ್ನದ ಹೊತ್ತಿಗೆ ಹೃದಯದ ಡಾಕ್ಟರರು ವಾರ್ಡಿನ ಹೊರಗಿನ ಬೆಂಚಿಗೆ ಬಂದು ಮಾಮನ ಪಕ್ಕದಲ್ಲೇ ಕೂತರು. ಹೃದಯದ ಒಂದು ಕವಾಟ ಸರಿಯಾಗಿ ಮುಚ್ಚುತ್ತಿಲ್ಲ, ಶ್ವಾಸಕೋಶದಲ್ಲಿ ಬೇಕಾದಷ್ಟು ನೀರು ನಿಂತಿತ್ತು, ಔಷಧಿಗೆ ಆಗಲೇ ಇಳಿಯತೊಡಗಿದೆ, ಕವಾಟದ ವಿಷಯ ನಿಧಾನವಾಗಿ ನೋಡೋಣ ಎಂದರು. ಇನ್ನೆರಡು ದಿನ ಬಿಟ್ಟಿದ್ದರೆ ಎಂದು ಶುರುಮಾಡಿ, ಮಾಮನ ಮುಖ ನೋಡಿ, ಆ ಮಾತನ್ನು ಅಲ್ಲಿಗೇ ಬಿಟ್ಟರು. ಮಾಮ ತಲೆಯಾಡಿಸುತ್ತ ಕೂತಿದ್ದರು. ಡಾಕ್ಟರರು ಎದ್ದು ಹೋದ ಮೇಲೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಪುಟ್ಟಿ ಅವರ ಬೆನ್ನ ಮೇಲೆ ಕೈಯಿಟ್ಟು ಕೂತಳು. ಬೆಳಿಗ್ಗೆ ಬಂದಿದ್ದ ಕೋಪ ಎತ್ತ ಹೋಯಿತೋ ಅವಳಿಗೇ ತಿಳಿಯಲಿಲ್ಲ.

ಕಚೇರಿಗೆ ಮರಳಿದಾಗ ಎಚ್ಚರಿಕೆ ಯಾಕೆ ಬರಲಿಲ್ಲವೆಂಬುದನ್ನು ಮೈದುನ ಪತ್ತೆ ಮಾಡಿದ್ದ. ಪಟ್ಟಿ ಕಿತ್ತು ಮತ್ತೆ ಅಂಟಿಸಿದರೆ ಮೊದಲ ಎರಡು ದಿನದ ಅಳತೆಯನ್ನು ನಂಬಬೇಡ ಎಂದು ಪ್ರೋಗ್ರಾಂಗೆ ಅವರೇ ಹೇಳಿಕೊಟ್ಟಿದ್ದರು. ಬೆವರು, ಅಂಟು ಸರಿಯಾಗಿ ಕೂರದಿರುವುದು, ಹೀಗೆ ಸುಳ್ಳು ಕಾರಣಗಳಿಗೆ ರೋಗಿಗಳನ್ನು ಬೆಚ್ಚಿಬೀಳಿಸಬಾರದೆಂದು. ಆ ನಿಯಮಕ್ಕೆ ಅನುದಾನದ ಕಚೇರಿಯೂ ಒಪ್ಪಿಗೆ ಕೊಟ್ಟಿತ್ತು. ಯಂತ್ರ ತಪ್ಪಿರಲಿಲ್ಲ. ತನಗೆ ಹೇಳಿದ ಹಾಗೆ ನಡೆದುಕೊಂಡಿತ್ತು. ಆದರೂ ಉಳಿದದ್ದೆಲ್ಲ ಎಡವಟ್ಟೇ. ಒಬ್ಬ ರೋಗಿ ನಿಯಮ ಮುರಿದಿದ್ದ, ಒಪ್ಪಿಗೆಯೇ ಕೊಡದ ಹೆಂಗಸಿನ ಎದೆಯ ಮೇಲೆ ಪ್ರಯೋಗದ ಪಟ್ಟಿ ಕೂತಿತ್ತು, ಒಬ್ಬರ ಲೆಕ್ಕದಲ್ಲಿ ಇನ್ನೊಬ್ಬರ ಅಳತೆ ಸೇರಿತ್ತು. ಸಂಜೆಯೊಳಗೆ ಪುಟ್ಟಿ, ಪ್ರಯೋಗಕ್ಕೆ ಒಳಗಾದವರ ಹಿತ ಕಾಯುವ ಆಸ್ಪತ್ರೆಯ ನೀತಿ ಸಮಿತಿಗೂ ಅನುದಾನದ ಕಚೇರಿಗೂ ನಡೆದದ್ದನ್ನೆಲ್ಲ ಫೋನಿನಲ್ಲಿ ಹೇಳಿದಳು. ಆ ಕಡೆಯಿಂದ, ಸರಿ, ಖುದ್ದು ಬರುತ್ತೇವೆ ಎಂಬ ಉತ್ತರ ಬಂತು.

ಬರುವವರು ಯಾರೆಂದು ಮೂವರಿಗೂ ಗೊತ್ತಿತ್ತು. ಅನುದಾನದ ಅಧಿಕಾರಿಣಿ ಹಿಂದಿನ ಸಭೆಗಳಲ್ಲಿ ಪ್ರತಿ ವಾಕ್ಯದ ಕೊನೆಗೂ, ಇದಕ್ಕೆ ಆಧಾರವೇನು ಎಂದು ಕೇಳಿ ಪುಟ್ಟಿಯ ಗಂಟಲು ಒಣಗಿಸಿದವರು. ಅಂಥದೇ ಇನ್ನೊಂದು ಸಣ್ಣ ಕಂಪನಿಯ ಅನುದಾನವನ್ನು ಅವರು ಒಂದೇ ಭೇಟಿಯಲ್ಲಿ ನಿಲ್ಲಿಸಿದ್ದರೆಂಬ ಸುದ್ದಿಯೂ ಕಿವಿಗೆ ಬಿದ್ದಿತ್ತು.

ಮರುದಿನ ಬೆಳಿಗ್ಗೆ, ಅವರು ಬರುವ ಮೊದಲು, ಪುಟ್ಟಿ ಆಸ್ಪತ್ರೆಗೆ ಹೋಗಿಬಂದಳು. ಅತ್ತೆಯ ಮುಖಕ್ಕೆ ಬಣ್ಣ ಮರಳಿತ್ತು. ಎಷ್ಟೋ ದಿನಗಳ ಮೇಲೆ ಕಾಲು ಚಾಚಿ ಮಲಗಿದ್ದರಂತೆ. ಗಂಡ ಮಂಚದ ಪಕ್ಕದಲ್ಲೇ ಕೂತಿದ್ದರೂ ಅವರ ಜೊತೆ ಮಾತು ಬಿಟ್ಟಿದ್ದರು.

"ಇವರನ್ನ ಕೇಳಮ್ಮ," ಎಂದರು ಪುಟ್ಟಿಗೆ, "ಬೆಳಗಿನ ಮಾತ್ರೆ ನುಂಗಿದ್ದಾರಾ ಇಲ್ವಾ ಅಂತ."

ಪುಟ್ಟಿ ಕೇಳಿದಳು. ಮಾಮ ನುಂಗಿದ್ದೇನೆ ಎಂದರು.

"ಸುಳ್ಳು ಹೇಳಿ ಪಟ್ಟಿ ಅಂಟಿಸೋರ ಮಾತು ನಂಬೋದು ಹೇಗೆ ಅಂತ ಕೇಳು."

ಮಾಮ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. ಮಂಚದ ಅಂಚಿನಲ್ಲಿದ್ದ ಅತ್ತೆಯ ಕೈಯ ಮೇಲೆ ತಮ್ಮ ಕೈಯಿಟ್ಟರು. ಅತ್ತೆ ಮುಖವನ್ನು ಆಚೆ ತಿರುಗಿಸಿದರು, ಕೈಯನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಪುಟ್ಟಿ ಮೆಲ್ಲನೆ ಅಲ್ಲಿಂದ ಜಾಗ ಖಾಲಿ ಮಾಡಿದಳು.

ಅಧಿಕಾರಿಣಿ ಕಚೇರಿಯಲ್ಲಿ ಕೂತು ಎಲ್ಲವನ್ನೂ ಮೊದಲಿನಿಂದ ಕೇಳಿದರು. ಮೈದುನ ಗೆರೆ ತೋರಿಸಿದ, ನಾಡಿ ಬದಲಾದ ಜಾಗ ತೋರಿಸಿದ, ಎಚ್ಚರಿಕೆ ತಡೆದ ನಿಯಮ ತೋರಿಸಿದ. ಚಿಕ್ಕಮ್ಮ ಊದಿದ ಪಾದದ ವಿಷಯ ಹೇಳಿದಳು. ಪುಟ್ಟಿ ಅತ್ತೆಯ ಒಪ್ಪಿಗೆ ಇರಲಿಲ್ಲ ಎಂಬುದನ್ನು ಎರಡು ಸಲ ಹೇಳಿದಳು, ಎಲ್ಲಾದರೂ ಮೆತ್ತಗೆ ಮಾಡಿ ಹೇಳಿಬಿಟ್ಟೆನೋ ಎಂಬ ಭಯದಿಂದ. ಕೆಳಗಿನ ಅಂಗಡಿಯಲ್ಲಿ ಟೈರಿಗೆ ಗಾಳಿ ತುಂಬುವ ಯಂತ್ರ ಬಡಿದುಕೊಳ್ಳುತ್ತಿತ್ತು. ಅಧಿಕಾರಿಣಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಆ ಹೆಂಗಸಿನ ಅಳತೆಗಳನ್ನು ಫಲಿತಾಂಶಕ್ಕೆ ಸೇರಿಸುವ ಹಾಗಿಲ್ಲ, ಎಂದು ಅಧಿಕಾರಿಣಿ ನಿಧಾನವಾಗಿ ಹೇಳಿದರು. ಆಕೆಯೀಗ ಒಪ್ಪಿದರೂ ಅದು ಹಿಂದಿನದಕ್ಕೆ ಅನ್ವಯಿಸುವುದಿಲ್ಲ. ಗಂಡನ ಲೆಕ್ಕದಿಂದ ಆ ದಿನಗಳನ್ನು ತೆಗೆದುಹಾಕಿ. ಪಟ್ಟಿ ಬೇರೆಯವರ ಎದೆಗೆ ಹೋದರೆ ಅದಕ್ಕೇ ತಿಳಿಯಬೇಕು. ನಾಡಿ ನೋಡಿ ನಿಮ್ಮ ಹುಡುಗನಿಗೆ ಅನುಮಾನ ಬಂದಿದೆ ಅಂದಮೇಲೆ ಯಂತ್ರಕ್ಕೂ ಅದನ್ನು ಕಲಿಸಬಹುದು. ನೀತಿ ಸಮಿತಿಯವರ ಜೊತೆ ನಾನು ಮಾತಾಡಿದ್ದೇನೆ, ಅವರದೂ ಇದೇ ಅಭಿಪ್ರಾಯ ಎಂದು ಮಾತು ಮುಗಿಸಿದರು.

ಪುಟ್ಟಿ ಕಾದಳು. ಮುಂದಿನ ಮಾತು ಬರಲಿಲ್ಲ. ಅಧಿಕಾರಿಣಿ ಚೀಲಕ್ಕೆ ಪೆನ್ನು ಹಾಕಿಕೊಳ್ಳುತ್ತಿದ್ದರು.

"ಹಾಗಾದ್ರೆ," ಎಂದಳು ಪುಟ್ಟಿ, "ನಿಲ್ಲಿಸ್ತಾ ಇಲ್ವಾ?"

"ಯಾಕೆ ನಿಲ್ಲಿಸಬೇಕು? ಇದನ್ನ ಮನೆಗೆ ತಗೊಂಡು ಹೋದ್ರೆ ಜನ ಏನೇನು ಮಾಡ್ತಾರೆ ಅಂತ ತಿಳ್ಕೊಳ್ಳೋಕೆ ತಾನೇ ಈ ಹಂತ ಇರೋದು? ಏನು ಮಾಡಿದ್ರು ಅಂತ ನೀವು ಹೇಳಿದ್ದೀರಿ. ಮುಂದುವರಿಸಿ."

ಮೈದುನ ತಿರುಗುವ ಕುರ್ಚಿಯಲ್ಲಿ ಮೆಲ್ಲನೆ ಗೋಡೆಯ ಕಡೆ ತಿರುಗಿಕೊಂಡ. ಅವನ ಭುಜ ಕೆಳಗಿಳಿದದ್ದು ಹಿಂದಿನಿಂದಲೂ ಕಾಣುತ್ತಿತ್ತು. ಅಧಿಕಾರಿಣಿ ಬಾಗಿಲ ಹತ್ತಿರ ನಿಂತು, ಆ ಹೆಂಗಸು ಈಗ ಹೇಗಿದ್ದಾರೆ ಎಂದು ಕೇಳಿದರು. ಗಂಡನ ಜೊತೆ ಮಾತು ಬಿಟ್ಟಿದ್ದಾರೆ, ಅಂದರೆ ಗುಣವಾಗುತ್ತಿದ್ದಾರೆ ಎಂದು ಚಿಕ್ಕಮ್ಮ ಉತ್ತರ ಕೊಟ್ಟಳು. ನಮ್ಮ ತಂದೆಯೂ ಹೀಗೇ ಕುರ್ಚಿಯಲ್ಲೇ ಮಲಗುತ್ತಿದ್ದರು, ನಮಗೆ ಯಾರಿಗೂ ಅರ್ಥವಾಗಲಿಲ್ಲ ಎಂದು ಅಧಿಕಾರಿಣಿ ತಮಗೆ ತಾವೇ ಹೇಳಿಕೊಳ್ಳುವಂತೆ ಹೇಳಿ, ಮೆಟ್ಟಿಲಿಳಿದು ಹೋದರು.

ಅವರ ಹೆಜ್ಜೆಯ ಸದ್ದು ಬೀದಿ ಸೇರುವವರೆಗೆ ಮೂವರೂ ಕಾದರು. ಆಮೇಲೆ ಮೈದುನ, ಅತ್ತಿಗೆ, ನಮ್ಮ ಪಟ್ಟಿ ಮಾಡಿದ ಅತಿ ಒಳ್ಳೆಯ ಕೆಲಸವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲವಲ್ಲ ಎಂದ. ಪುಟ್ಟಿಗೂ ಅದು ಹೊಳೆದಿತ್ತು. ಬೇಸರವಾಗುತ್ತದೆಯೇ ಎಂದು ಮನಸ್ಸಿನೊಳಗೆ ತಡಕಿ ನೋಡಿದಳು. ಆಗಲಿಲ್ಲ. ಎಲ್ಲೋ ಒಂದು ಮಂಚದ ಮೇಲೆ ಒಬ್ಬ ಹೆಂಗಸು ಕಾಲು ಚಾಚಿ ಮಲಗಿದ್ದಾಳೆ, ಅದನ್ನು ಯಾರಿಗೂ ರುಜುವಾತು ಮಾಡಿ ತೋರಿಸಬೇಕಿಲ್ಲ ಎಂಬುದೇ ಅವಳಿಗೆ ಹಗುರ ಅನ್ನಿಸಿತು.

"ಇರಲಿ ಬಿಡು," ಎಂದಳು. "ಪಟ್ಟಿ ಹಾಕ್ಕೊಂಡೋರು ಇನ್ನೂ ಅಷ್ಟು ಜನ ಇದ್ದಾರಲ್ಲ."

ನಿನ್ನೆಯಿಂದ ಹೊಟ್ಟೆಗೆ ಸರಿಯಾಗಿ ಏನೂ ಬಿದ್ದಿಲ್ಲವೆಂಬುದು ಅವಳಿಗೆ ಆಗ ನೆನಪಾಯಿತು. ಬ್ರೆಡ್ಡು, ಬಾಳೆಹಣ್ಣು ತರುತ್ತೇನೆಂದು ಮೈದುನ ಕೆಳಗೆ ಓಡಿದ. ಚಿಕ್ಕಮ್ಮ ದಿನದ ವಾಡಿಕೆಯಂತೆ ರೋಗಿಗಳಿಗೆ ಒಬ್ಬೊಬ್ಬರಾಗಿ ಫೋನ್ ಮಾಡಲು ಕೂತಳು. ಕೆಮ್ಮಿನಜ್ಜಿ ಒಂದೇ ರಿಂಗಿಗೆ ಎತ್ತಿದರು. ರಾತ್ರಿ ನಿದ್ದೆ ಬಂತಾ, ಕಾಲು ಊದಿದೆಯಾ, ಪಟ್ಟಿ ನಿಮ್ಮ ಎದೆ ಮೇಲೇ ಇದೆ ತಾನೇ ಎಂದು ಚಿಕ್ಕಮ್ಮ ಕೇಳುತ್ತಿದ್ದಳು. ಆ ದನಿ ಕೇಳುತ್ತ ಕೇಳುತ್ತ ಪುಟ್ಟಿ ಮೇಜಿನ ಮೇಲೆ ತೋಳು ಮಡಿಚಿ, ಅದರ ಮೇಲೆ ಕೆನ್ನೆಯಿಟ್ಟು, ಹಾಡುಹಗಲಲ್ಲೇ ನಿದ್ದೆಹೋದಳು. ಬ್ರೆಡ್ಡು ತಂದ ಮೈದುನ ಎಬ್ಬಿಸಲು ಹೋದಾಗ ಚಿಕ್ಕಮ್ಮ ಫೋನಿನ ಬಾಯಿಗೆ ಅಂಗೈ ಮುಚ್ಚಿ, ಬೇಡವೆಂದು ತಲೆಯಾಡಿಸಿದಳು.